ಹಸಿರು-ಹಳದಿ ತಂತಿ

ಊರಲ್ಲಿ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹೊಯ್ಯೋದನ್ನ ನೀವೂ ನೋಡಿರ್ತೀರಿ. ಒದ್ದೆ ಮಣ್ಣಲ್ಲಿ ಕರೆಂಟು ಸುಲಭವಾಗಿ ಹರಿಯುತ್ತೆ. ಕುವೈತಿನ ಒಣ ಮರಳಲ್ಲಿ ಹಾಗಲ್ಲ. 2016ರ ಜುಲೈನಲ್ಲಿ ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ತೇವ ಎಲ್ಲಿಂದ ಬರಬೇಕು?

ಹಾಗಾಗಿ ಉಕ್ಕಿನ ಕಟ್ಟಡಕ್ಕೆ ಬರೀ ರಾಡ್ ನೆಟ್ಟರೆ ಸಾಲದು. ಕಂಬ, ತೊಲೆ, ನೀರಿನ ಪೈಪು ಎಲ್ಲವನ್ನೂ ಹಸಿರು-ಹಳದಿ ತಂತಿಯಿಂದ ಮುಖ್ಯ ಅರ್ಥ್ ಬಾರಿಗೆ ಜೋಡಿಸಬೇಕು. ಇದೇ ಬಾಂಡಿಂಗ್. 240 ವೋಲ್ಟಿನ ವೈರು ಸುಲಿದು ಕಂಬಕ್ಕೆ ತಾಗಿದರೆ ಬ್ರೇಕರ್ ಬೀಳುತ್ತೆ. ಅಷ್ಟರೊಳಗೆ ಕಂಬ, ಪೈಪು ಎರಡನ್ನೂ ಹಿಡಿದವನಿಗೂ ಅಪಾಯ ಕಮ್ಮಿ. ಒಂದೇ ತಂತಿ ಮೇಲೆ ಕೂತ ಕಾಗೆಯ ಹಾಗೆ.

ಆದರೆ ಬಣ್ಣ ಕೆರೆಯದೆ ಕ್ಲಾಂಪ್ ಬಿಗಿದಿದ್ದರೆ? ನೋಡೋಕೆ ಎಲ್ಲ ಸರಿ, ಒಳಗೆ ಸಂಪರ್ಕವೇ ಇಲ್ಲ. ಅದಕ್ಕೇ ನಾನು ಮೊದಲು ಕ್ಲಾಂಪಿನ ಅಡಿ ನೋಡ್ತೀನಿ. ಇಲ್ಲಿ ಕಂಬ ಹಿಡಿಯೋ ಕೈಗಳೆಲ್ಲ ಬೆವರಿದ ಕೈಗಳೇ.