ಬೆರಳಿಗೆ ಪಾಠ ಹೇಳುವ ಚನ್ನಪಟ್ಟಣ

ಬೆಂಗಳೂರಿನಿಂದ ಮೈಸೂರಿನತ್ತ ಹೊರಟ ರೈಲು ರಾಮನಗರದ ಬಂಡೆಬೆಟ್ಟಗಳನ್ನು ದಾಟಿದ ಸ್ವಲ್ಪ ಹೊತ್ತಿಗೆ ಚನ್ನಪಟ್ಟಣ ಬರುತ್ತದೆ. ರಾಜಧಾನಿಯಿಂದ ಸುಮಾರು 60 ಕಿ.ಮೀ. ದೂರದ ಈ ಊರು ಬಣ್ಣದ ಗೊಂಬೆಗಳಿಂದಾಗಿ ನಾಡಿಗೆಲ್ಲ ಪರಿಚಿತ. ಅಂಗಡಿಗಳ ಕಪಾಟುಗಳಲ್ಲಿ ಗಿಲಕಿ, ಬುಗುರಿ, ಮಣಿಸರ, ತಲೆಯಾಡಿಸುವ ಗೊಂಬೆ, ಗೂಟಕ್ಕೆ ಪೋಣಿಸುವ ಉಂಗುರಗಳು ಒತ್ತೊತ್ತಾಗಿ ಕುಳಿತಿರುತ್ತವೆ. ನೋಡುವವರಿಗೆ ಅವು ಬರೀ ಆಟದ ಸಾಮಾನು. ಆದರೆ ಮಗುವಿನ ಕೈ ಬೆಳೆಯುವ ಬಗೆಯನ್ನು ಅರಿತವರಿಗೆ ಅದೇ ಕಪಾಟು ಒಂದು ಪಾಠಪುಸ್ತಕ.

ಊರಿನ ಓಣಿಗಳಲ್ಲಿ ಲೇತ್‌ಗಳ ಗುಂಯ್‌ಗುಡುವ ಸದ್ದು ಕೇಳುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಬಂತೆಂದು ಇಲ್ಲಿಯ ಪ್ರತೀತಿ. ಚೆನ್ನಾಗಿ ಒಣಗಿಸಿದ ಆಲೆಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿ ಹಿಡಿದು ಕಡೆಯುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಬೆಂಕಿಯ ಹಂಗಿಲ್ಲ, ಘರ್ಷಣೆಯ ಶಾಖಕ್ಕೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಉಳಿಯನ್ನು ಎಷ್ಟು ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಬೆರಳಿಗೆ ಗೊತ್ತಿರಬೇಕು. ಆ ಹದ ಒಂದು ದಿನದಲ್ಲಿ ಬರುವಂಥದಲ್ಲ.

ಮಗುವಿನ ಬೆರಳಿಗೂ ಇದೇ ಮಾತು ಸಲ್ಲುತ್ತದೆ. ಹಸುಗೂಸಿನ ಅಂಗೈಗೆ ಬೆರಳಿಟ್ಟರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದು ಹುಟ್ಟಿನಿಂದ ಬಂದ ಪ್ರತಿವರ್ತನೆ, ಕಲಿತದ್ದಲ್ಲ. ಐದಾರು ತಿಂಗಳಿಗೆ ಮಗು ಬೇಕೆಂದೇ ಕೈಚಾಚಿ ಗಿಲಕಿಯನ್ನು ಇಡೀ ಅಂಗೈಯಿಂದ ಹಿಡಿಯುತ್ತದೆ. ಮುಂದೆ ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತದೆ. 9–10 ತಿಂಗಳ ಹೊತ್ತಿಗೆ ಹೆಬ್ಬೆರಳು, ತೋರುಬೆರಳು ಸೇರಿ ಚಿಮಟವಾಗುತ್ತವೆ. ನೆಲದ ಮೇಲಿನ ಅಕ್ಕಿಕಾಳನ್ನೂ ಹೆಕ್ಕಿ ಬಾಯಿಗಿಡುವ ಕಾಲವದು. ಒಂದೂವರೆ ವರ್ಷಕ್ಕೆ ಮೂರು ನಾಲ್ಕು ಮರದ ತುಂಡುಗಳ ಗೋಪುರ, ಎರಡಕ್ಕೆ ಆರು. ಮೂರಕ್ಕೆ ನೋಡಿಕೊಂಡು ವೃತ್ತ, ನಾಲ್ಕು ದಾಟಿದ ಮೇಲೆ ಚೌಕ, ಐದರ ಸುಮಾರಿಗೆ ತ್ರಿಕೋನ ಬರೆದೀತು. ಮಗುವಿನಿಂದ ಮಗುವಿಗೆ ಕೆಲವು ತಿಂಗಳು ಹೆಚ್ಚುಕಡಿಮೆ ಆಗುವುದು ಸಹಜ. ಗಿಲಕಿ, ಉಂಗುರ, ಮಣಿ, ಬುಗುರಿ ಎಂದು ಕಪಾಟಿನ ಸಾಮಾನುಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದರೆ ಬೆರಳು ಏರುವ ಮೆಟ್ಟಿಲುಗಳೇ ಕಾಣುತ್ತವೆ.

ಮನುಷ್ಯನ ಒಂದು ಕೈಯಲ್ಲಿ 27 ಮೂಳೆಗಳಿವೆ. ಅವುಗಳಲ್ಲಿ ಎಂಟು ಮಣಿಕಟ್ಟಿನವು. ಹುಟ್ಟುವಾಗ ಈ ಎಂಟೂ ಮೃದ್ವಸ್ಥಿ. ಮೂರು ವರ್ಷದ ಮಗುವಿನ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಎರಡು ಮೂರು ಮಾತ್ರ ಮೂಳೆಯಾಗಿ ಕಾಣುತ್ತವೆ. ಎಂಟನೆಯದು ಕಾಣಿಸಿಕೊಳ್ಳುವುದು 8ರಿಂದ 12ರ ವಯಸ್ಸಿನ ನಡುವೆ. ಇನ್ನೊಂದು ಸಂಗತಿ: ಬೆರಳುಗಳ ಒಳಗೆ ಅವನ್ನು ಮಡಚುವ ಸ್ನಾಯುಗಳೇ ಇಲ್ಲ. ಅಂಗೈ, ಮುಂಗೈಗಳ ಸ್ನಾಯುಗಳು ಹಗ್ಗದಂಥ ಸ್ನಾಯುರಜ್ಜುಗಳ ಮೂಲಕ ಅವುಗಳನ್ನು ಎಳೆದು ಆಡಿಸುತ್ತವೆ, ಸೂತ್ರದ ಗೊಂಬೆಯ ಹಾಗೆ. ಮೊದಲು ಭುಜ, ತೋಳು ಹಿಡಿತಕ್ಕೆ ಬಂದು, ಬೆರಳಿನ ಸರದಿ ಆಮೇಲೆ ಬರುತ್ತದೆ. ಮರಳಿನಲ್ಲಿ ಆಡುವುದು, ಮರ ಹತ್ತುವುದು ಕೂಡ ಬರವಣಿಗೆಯ ಸಿದ್ಧತೆಯೇ.

ಇಂಥ ಕೈಗೆ ಮೂರು ತುಂಬುವ ಮುನ್ನವೇ ಪೆನ್ಸಿಲು ಕೊಟ್ಟು, 'ಅ, ಆ' ಪುಟಗಟ್ಟಲೆ ತಿದ್ದಿಸುವ ಮನೆಗಳು ಎಷ್ಟೋ. ಅಕ್ಷರ ಗೆರೆ ದಾಟಿದರೆ ಗದರಿಕೆ. ಮಗು ಮುಷ್ಟಿ ಬಿಗಿದು ಪೆನ್ಸಿಲು ಹಿಡಿಯುತ್ತದೆ, ಕೈ ನೋಯುತ್ತದೆ, ಕೊನೆಗೆ ಬರೆಯುವುದೆಂದರೇ ಅಳು. ಅದು ಸೋಮಾರಿತನವಲ್ಲ, ಕೈ ಇನ್ನೂ ಮಾಗಿಲ್ಲ, ಅಷ್ಟೆ. ಪೆನ್ಸಿಲನ್ನು ಮೂರು ಬೆರಳಲ್ಲಿ ಹಿಡಿದು ಬೆರಳುಗಳನ್ನಷ್ಟೇ ಆಡಿಸುವ ಹಿಡಿತ ಸಾಮಾನ್ಯವಾಗಿ ಪಳಗುವುದು 4ರಿಂದ 6 ವರ್ಷದೊಳಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8ರವರೆಗಿನ ವಯಸ್ಸನ್ನು ಬುನಾದಿ ಹಂತವೆಂದು ಕರೆದು ಆಟದ ಕಲಿಕೆಗೆ ಒತ್ತು ಕೊಟ್ಟಿದೆ.

ಆಟಿಕೆ ಕೊಳ್ಳಲಾಗದಿದ್ದರೂ ಚಿಂತೆಯಿಲ್ಲ. ನೆನೆಸಿದ ಅವರೆಕಾಳನ್ನು ಹಿತುಕುವಾಗ, ರಂಗೋಲಿ ಪುಡಿಯನ್ನು ಎಳೆಯಾಗಿ ಬಿಡುವಾಗ ದುಡಿಯುವುದು ಪೆನ್ಸಿಲು ಹಿಡಿಯುವ ಬೆರಳುಗಳೇ. ಚಪಾತಿ ಹಿಟ್ಟು ನಾದುವುದು, ಹೂ ಪೋಣಿಸುವುದು, ಅಂಗಿಗೆ ತಾನೇ ಗುಂಡಿ ಹಾಕಿಕೊಳ್ಳುವುದು, ಅಳಗುಳಿಮಣೆ ಆಡುವುದು ಎಲ್ಲವೂ ಖರ್ಚಿಲ್ಲದ ಪಾಠಗಳು. ಒಂದೇ ಎಚ್ಚರ: ಮೂರು ವರ್ಷದೊಳಗಿನ ಮಕ್ಕಳ ಕೈಗೆ ಗಂಟಲಲ್ಲಿ ಸಿಕ್ಕಿಕೊಳ್ಳುವಂಥ ಚಿಕ್ಕ ಮಣಿ, ಕಾಳು ಕೊಡಬಾರದು, ದೊಡ್ಡ ಮಕ್ಕಳಿಗೆ ಕೊಟ್ಟಾಗಲೂ ಹಿರಿಯರು ಬಳಿಯಲ್ಲಿರಬೇಕು.

2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದು ಚನ್ನಪಟ್ಟಣವನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಪ್ರಯಾಣದ ಹೊತ್ತು ಉಳಿಯಿತು. ಹಳೆಯ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ನಿಲ್ಲುವ ಕಾರುಗಳು ಕಡಿಮೆಯಾದವು. ಬೇಗ ಮುಟ್ಟುವ ಆತುರದಲ್ಲಿ ಮಗುವಿನ ಆಟದ ವಯಸ್ಸನ್ನೂ ಹೀಗೆ ಬಳಸಿ ಹೋಗುವವರಿದ್ದಾರೆ. ಮುಂದಿನ ಸಲ ಮೈಸೂರಿಗೆ ಹೊರಟಾಗ ಮಕ್ಕಳೊಂದಿಗೆ ಹಳೆಯ ದಾರಿ ಹಿಡಿದು ಇಲ್ಲಿ ಒಂದು ಗಂಟೆ ಇಳಿಯಬಹುದು. ಮಗು ಬುಗುರಿಯ ತೊಟ್ಟನ್ನು ಬೆರಳಲ್ಲಿ ಹಿಡಿದು ತಿರುಗಿಸಲಿ. ಮೊದಲ ಸಲ ಬಿದ್ದೀತು, ಹತ್ತನೆಯ ಸಲ ನಿಂತೀತು. ಅಕ್ಷರ ಅದರ ಹಿಂದೆಯೇ ಬರುತ್ತದೆ.