ಟ್ರಿಕ್ಸಿ ಬರುವ ಮುಂಚೆ

ಕೊಟ್ಟೂರು, 16 ಮಾರ್ಚ್ 2025, ಭಾನುವಾರ

ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮಿನ 13ನೇ ಆವೃತ್ತಿಯ ಫ್ರೀಜ್, ಅಂದರೆ ಬಿಡುಗಡೆಗೆ ಮುಂಚೆ ಬದಲಾವಣೆಗಳಿಗೆ ಹಂತಹಂತವಾಗಿ ಹಾಕುವ ತಡೆ, ನಿನ್ನೆ ಶುರುವಾಯಿತು. ಈ ಆವೃತ್ತಿಗೆ ಟ್ರಿಕ್ಸಿ ಅಂತ ಹೆಸರು. ಕಂಪೈಲರ್‌ನಂಥ ಬುಡದ ಸಾಮಾನಿಗೆ ಇನ್ನು ಯಾರೂ ಕೈ ಹಾಕುವಂತಿಲ್ಲ. ನಾನು ನೋಡಿಕೊಳ್ಳುವ ಕನ್ನಡ ಫಾಂಟಿನ ಪ್ಯಾಕೇಜಿಗೆ ಸದ್ಯಕ್ಕೆ ತೊಂದರೆಯಿಲ್ಲ. ಏಪ್ರಿಲ್ 15ಕ್ಕೆ ಎರಡನೇ ಹಂತ, ಮೇ 15ಕ್ಕೆ ಗಟ್ಟಿ ಫ್ರೀಜ್. ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ತಾರೀಕು ಗುರುತು ಮಾಡಿದೆ.

20 ಏಪ್ರಿಲ್

ಫಾಂಟಿನ ಹೊಸ ಆವೃತ್ತಿ ಬಂದಿದೆ. ಎಷ್ಟೋ ಅಕ್ಷರಗಳನ್ನು ಹೊಸದಾಗಿ ತಿದ್ದಿ ಬರೆದಿದ್ದಾರೆ, ಚೆನ್ನಾಗಿದೆ. ಆದರೂ ಅದನ್ನು ‘ಅನ್‌ಸ್ಟೇಬಲ್’ಗೆ ಹಾಕಲಿಲ್ಲ. ಅಲ್ಲಿಗೆ ಹೋದದ್ದು ಟೆಸ್ಟಿಂಗ್‌ಗೆ ಇಳಿಯಲು ನೋಡುತ್ತದೆ, ಟೆಸ್ಟಿಂಗೇ ನಾಳೆಯ ಟ್ರಿಕ್ಸಿ. ಹಾಗೆ ಇಳಿಯದ ‘ಎಕ್ಸ್‌ಪೆರಿಮೆಂಟಲ್’ನಲ್ಲಿ ಇಡಲು, ನನ್ನ ಪರವಾಗಿ ಪ್ಯಾಕೇಜ್ ಏರಿಸುವ ಸ್ಪಾನ್ಸರ್‌ಗೆ ಬರೆದೆ. ಹಗರಿಬೊಮ್ಮನಹಳ್ಳಿಯ ಗೆಳೆಯ ಫೋನಿನಲ್ಲಿ, “ಚೆಂದ ಐತಿ ಅಂತೀಯ, ಮತ್ಯಾಕೋ ಬಚ್ಚಿಡ್ತೀ?” ಅಂದ. ತೇರು ಎಳೆಯುವ ಹೊತ್ತಿಗೆ ಅಚ್ಚು ಬದಲಿಸುತ್ತಾರೇನೋ ಅಂದೆ. 2017ರಲ್ಲಿ ಕೊಟ್ಟೂರೇಶ್ವರನ ತೇರು ಉರುಳಿದ್ದನ್ನು ಕಂಡ ಊರು ನಮ್ಮದು. ಅವನು ಮತ್ತೆ ಕೇಳಲಿಲ್ಲ.

18 ಮೇ, ರಾತ್ರಿ

ಹರಪನಹಳ್ಳಿಗೆ ಹೋಗಿ ಬಂದೆ. ಉರಿ ಬಿಸಿಲು. ಅಲ್ಲಿನ ಶಾಲೆಯೊಂದರ ಮೇಷ್ಟ್ರು ಲ್ಯಾಬಿನ ಒಂದು ಕಂಪ್ಯೂಟರಿಗೆ ಟೆಸ್ಟಿಂಗ್ ಹಾಕಿಕೊಂಡು ಈಗಿನಿಂದಲೇ ಪರೀಕ್ಷೆ ಮಾಡುತ್ತಿದ್ದಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯನ್ನು ಪ್ರಿಂಟ್ ಮಾಡಿ ನನ್ನ ಮುಂದಿಟ್ಟು, “ಇಲ್ಲಿ ನೋಡ್ರಿ” ಎಂದು ಬೆರಳಿಟ್ಟರು. ‘ರ‍್ಯಾಂಕ್’ ಎಂಬ ಕಡೆಯಲ್ಲೆಲ್ಲ ಯ ಒತ್ತು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂತು ಮಸಿ ಚೆಲ್ಲಿದ ಹಾಗಿತ್ತು. ‘ವ್ಯಾಪಾರ’ ಸರಿ, ‘ಕ್ಯಾಲೆಂಡರ್’ ಸರಿ, ‘ಸೂರ್ಯ’ನ ಅರ್ಕಾವತ್ತೂ ಸರಿ. ಅರ್ಕಾವತ್ತು ಆಗದಂತೆ ರ ಆದಮೇಲೆ ಕಣ್ಣಿಗೆ ಕಾಣದ ಜಾಯ್ನರ್ ಗುರುತು ಹಾಕಿ, ಆಮೇಲೆ ವಿರಾಮ, ಯ ಬರೆಯುತ್ತೇವಲ್ಲ, ಆ ಜೋಡಣೆಯಲ್ಲಿ ಮಾತ್ರ ಅಂತರದ ನಿಯಮವೊಂದು ಬಿಟ್ಟುಹೋಗಿದೆ.

ಹೊಸ ಆವೃತ್ತಿಯಲ್ಲಿ ಇದು ಸರಿಯಾಗಿದೆ. ಹಾಗಂತ ಅದನ್ನೇ ತಂದು ತುರುಕಿದರೆ ಅದರ ಜೊತೆ ಬರುವ ನೂರಾರು ಬದಲಾವಣೆಗಳನ್ನು ಈಗ ಯಾರು ನೋಡುತ್ತಾರೆ? ಆ ಒಂದು ನಿಯಮವನ್ನಷ್ಟೇ ಬಿಡಿಸಿ ಹಳೆಯ ಆವೃತ್ತಿಗೆ ಹಚ್ಚಿದೆ. ಲಿಬ್ರೆಆಫೀಸಿನಲ್ಲಿ, ಫೈರ್‌ಫಾಕ್ಸಿನಲ್ಲಿ, ಕಾಗದದ ಮೇಲೆ, ಮೂರೂ ಕಡೆ ನೋಡಿದೆ. ರ‍್ಯಾಲಿ, ರ‍್ಯಾಗಿಂಗ್ ಎಲ್ಲ ಬರೆದು ನೋಡಿದೆ.

ಗಟ್ಟಿ ಫ್ರೀಜ್ ಬಂದಾಗಿದೆ. ತಾನೇ ಓಡುವ ಪರೀಕ್ಷೆಗಳಿರುವ, ಬುಡಕ್ಕೆ ಸೇರದ ಪ್ಯಾಕೇಜುಗಳಾದರೆ 20 ದಿನ ಕಾದು ಟೆಸ್ಟಿಂಗ್‌ಗೆ ಹೋಗಬಹುದು. ನಮ್ಮದಕ್ಕೆ ಅಂಥ ಪರೀಕ್ಷೆಯಿಲ್ಲ, ಆದ್ದರಿಂದ ಬಿಡುಗಡೆ ತಂಡದ ಹತ್ತಿರ ‘ಅನ್‌ಬ್ಲಾಕ್’ ಕೇಳಲೇಬೇಕು. ಆ ಅರ್ಜಿಯಲ್ಲಿ ಯಾಕೆ ಬೇಕು, ಆಗದಿದ್ದರೆ ಏನಾಗುತ್ತದೆ, ಹೇಗೆ ಪರೀಕ್ಷಿಸಿದಿರಿ, ಅಪಾಯ ಏನು ಎಂಬ ನಾಲ್ಕು ತಲೆಬರಹ, ಜೊತೆಗೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಡೆಬ್‌ಡಿಫ್. ಕನ್ನಡ ಓದಲು ಬಾರದವರು ತೀರ್ಮಾನ ಮಾಡಬೇಕಲ್ಲ, ಹಾಗಾಗಿ ಮುಂಚಿನ ‘ರ‍್ಯಾಂಕ್’, ಈಗಿನ ‘ರ‍್ಯಾಂಕ್’ ಎರಡರ ಚಿತ್ರವನ್ನೂ ಸೇರಿಸಿದೆ. ಡೆಬ್‌ಡಿಫ್ ಒಂದು ಪರದೆಗೆ ಸಾಲುವಷ್ಟಿದೆ. ಅಷ್ಟೇ ಇರಬೇಕು. ಓದುವವರು ದಿನಕ್ಕೆ ಎಷ್ಟು ನೋಡುತ್ತಾರೋ ಏನೋ, ನನ್ನದನ್ನು ಓದಲು ಅವರಿಗೆ ತ್ರಾಸಾಗಬಾರದು.

8 ಜೂನ್

ಅನ್‌ಬ್ಲಾಕ್ ಸಿಕ್ಕಿತು! ಉತ್ತರ ಒಂದೇ ಸಾಲಿನದು. ಹರಪನಹಳ್ಳಿಗೆ ಫೋನ್ ಮಾಡಿ ಹೇಳಿದೆ. ಮೇಷ್ಟ್ರು ಮೊಬೈಲ್ ಹಾಟ್‌ಸ್ಪಾಟಿನಿಂದ ಆ ಒಂದು ಪ್ಯಾಕೇಜ್ ಇಳಿಸಿಕೊಂಡು ಪಟ್ಟಿಯನ್ನು ಮತ್ತೆ ಪ್ರಿಂಟ್ ಮಾಡಿಸಿದ್ದಾರೆ.

29 ಜೂನ್, ಕೂಡ್ಲಿಗಿ

ಮದುವೆ ಊಟದ ಪಂಕ್ತಿಯಲ್ಲಿ ಬೆಂಗಳೂರಿನ ಹುಡುಗನೊಬ್ಬ ಸಿಕ್ಕಿದ್ದ. ಅವರ ಆಫೀಸಿನಲ್ಲಿ ದಿನಾ ಅಪ್‌ಡೇಟ್ ಬಿಡುತ್ತಾರಂತೆ, ನಾಲ್ಕೈದು ತಿಂಗಳು ಫ್ರೀಜ್ ಅಂದರೆ ಕಾಲಹರಣವಂತೆ. ಅವನ ಮಟ್ಟಿಗೆ ಅದು ನಿಜವಿರಬಹುದು, ಬೆಳಿಗ್ಗೆ ಕೆಟ್ಟದ್ದನ್ನು ಮಧ್ಯಾಹ್ನ ಸರಿಮಾಡಲು ಅಲ್ಲಿ ಜನ ಇದ್ದಾರೆ. ಹಡಗಲಿಯ ಹಳ್ಳಿಯೊಂದರ ಲ್ಯಾಬಿಗೆ ಪೆನ್‌ಡ್ರೈವಿನಿಂದ ಒಮ್ಮೆ ಹಾಕಿ ಬಂದರೆ ಮತ್ತೆ ಯಾರು ಹೋಗುತ್ತಾರೆ? ಡೆಬಿಯನ್‌ನ ಒಂದು ಬಿಡುಗಡೆಗೆ ಮೂರು ವರ್ಷದ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ಎಲ್‌ಟಿಎಸ್ ಎಂಬ ದೀರ್ಘಾವಧಿ ಬೆಂಬಲ. ಈ ಬಿಡುಗಡೆಯಲ್ಲಿ ಒಳಗೆ ಉಳಿದ ತಪ್ಪು ಆ ಮಕ್ಕಳ ಪಾಲಿಗೆ 2030ರವರೆಗೂ ಇದ್ದೀತು. ಇದನ್ನೆಲ್ಲ ಅವನಿಗೆ ಹೇಳಿದೆ. ಹೋಳಿಗೆ ಬಂತು, ಮಾತು ಬೇರೆ ಕಡೆ ಹೊರಳಿತು.

27 ಜುಲೈ

ಪೂರ್ಣ ಫ್ರೀಜ್. ಇವತ್ತಿನಿಂದ ಯಾವ ಪ್ಯಾಕೇಜಿಗೂ ಅನುಮತಿಯಿಲ್ಲದೆ ದಾರಿಯಿಲ್ಲ. ನನ್ನದೇನೂ ಬಾಕಿಯಿಲ್ಲ.

10 ಆಗಸ್ಟ್

ನಿನ್ನೆ ಟ್ರಿಕ್ಸಿ ಬಿಡುಗಡೆಯಾಯಿತು. ಕೂತು ಸಂಭ್ರಮಿಸಲು ಪುರುಸೊತ್ತಿಲ್ಲ. 32-ಬಿಟ್ ಪಿಸಿಗಳಿಗೆ ಇನ್ನು ಇನ್‌ಸ್ಟಾಲರ್ ಇಲ್ಲ, ಹರಪನಹಳ್ಳಿಯ ಲ್ಯಾಬಿನ ಹಳೆಯ ಯಂತ್ರಗಳು ಹಿಂದಿನ ಬುಕ್‌ವರ್ಮ್‌ನಲ್ಲೇ ಉಳಿಯಬೇಕು. ಯಾವುದು ಯಾವುದೆಂದು ಸಿಪಿಯು ನೋಡಿ ಪಟ್ಟಿ ಮಾಡಿ ಕಳಿಸಿ ಎಂದು ಮೇಷ್ಟ್ರಿಗೆ ಬರೆದಿದ್ದೇನೆ. ಎಕ್ಸ್‌ಪೆರಿಮೆಂಟಲ್‌ನಲ್ಲಿ ಕಾದಿದ್ದ ಹೊಸ ಫಾಂಟನ್ನು ಅನ್‌ಸ್ಟೇಬಲ್‌ಗೆ ತರುವ ಕೆಲಸ ಇವತ್ತೇ ಶುರುಮಾಡಿದೆ. ಈ ಸಲ ‘ರ‍್ಯಾಂಕ್’ ಅನ್ನು ತಾನೇ ನೋಡಿಕೊಳ್ಳುವ ಪರೀಕ್ಷೆಯೊಂದನ್ನು ಪ್ಯಾಕೇಜಿನೊಳಗೇ ಬರೆಯುತ್ತಿದ್ದೇನೆ.