ಐವತ್ತೊಂದು ಪಾಯಿಂಟುಗಳ ಆಯವ್ಯಯ

ವರಮಾನವು ಇಷ್ಟೇ ಎಂದು ಗೊತ್ತಾದ ಮೇಲೆ ಅದರಲ್ಲಿ ಯಾವುದಕ್ಕೆ ಎಷ್ಟು ವೆಚ್ಚಮಾಡಬೇಕು, ಯಾವುದನ್ನು ಕೈಬಿಡಬೇಕು ಎಂಬ ಚಿಂತೆಯು ಗೃಹಸ್ಥರಾದವರಿಗೆ ಹೊಸದಲ್ಲ. ನಾವು ಈ ಸಲ ಎತ್ತಿಕೊಂಡಿರುವುದೂ ಅಂತಹದೇ ಒಂದು ಆಯವ್ಯಯದ ವಿಚಾರವಾಗಿದೆ. ಆದರೆ ಇಲ್ಲಿ ವೆಚ್ಚವಾಗತಕ್ಕದ್ದು ರೂಪಾಯಿಯಲ್ಲ. ಕಂಪ್ಯೂಟರಿನಲ್ಲಿ ಆಡುವ ಒಂದು ಆಟದ ಪಾಯಿಂಟುಗಳು. ಅರುವತ್ತು ದಾಟಿದವರಿಗೆ ಈ ಹುಡುಗಾಟಿಕೆಯೇಕೆಂದು ವಾಚಕರು ಹುಬ್ಬುಗಂಟಿಕ್ಕುವುದು ಸಹಜವೇ. ಕೊಂಚ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥಿಸುತ್ತೇವೆ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಈ ಆಟವನ್ನು ಅಮೆರಿಕದ ಬ್ಲಿಜರ್ಡ್ ಕಂಪನಿಯವರು 2004ನೆಯ ಇಸವಿ ನವೆಂಬರಿನಲ್ಲಿ ಹೊರತಂದರು. ಆಟಗಾರರು ಎಲ್ಲಿದ್ದರೂ ಅಂತರ್ಜಾಲದ ಮೂಲಕ ಅಜೆರಾತ್ ಎಂಬ ಕಲ್ಪಿತ ಲೋಕವನ್ನು ಹೊಕ್ಕು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಧರಿಸಿ, ಜೊತೆಗೂಡಿ ರಾಕ್ಷಸಾದಿಗಳೊಡನೆ ಕಾದುವರು. ನಮ್ಮ ಹಿರಿಯ ಮಗಳು ಓದುವ ಕಾಲದಲ್ಲಿ ಇದನ್ನು ಆಡುತ್ತಿದ್ದುದನ್ನು ನಾವು ಬಲ್ಲೆವು. ಆಗ ನಮಗೆ ಅದರಲ್ಲಿ ಲೇಶವೂ ಆದರವಿರಲಿಲ್ಲ. ಮುಂದೆ ಅವಳು ಉದ್ಯೋಗನಿಮಿತ್ತ ಜರ್ಮನಿಗೆ ಹೋದಳು. 2020ರ ಬೇಸಗೆಯಲ್ಲಿ ಮೈಸೂರಿಗೆ ಬಂದು ಎರಡು ತಿಂಗಳು ಇರುವುದಾಗಿ ಟಿಕೇಟು ಕೊಂಡಿದ್ದಳು. ಮಾರ್ಚಿಯಲ್ಲಿ ಕೊರೋನಾ ರೋಗದ ದೆಸೆಯಿಂದ ವಿಮಾನಗಳೇ ನಿಂತುಹೋದವು. ದಿನವೂ ಫೋನಿನಲ್ಲಿ ಮಾತನಾಡುತ್ತಿದ್ದೆವೆಂಬುದು ದಿಟ. ಆದರೆ ಊಟವಾಯಿತೆ, ಮಾಸ್ಕು ಹಾಕಿಕೊಂಡಿರಾ ಎಂಬೆರಡು ಪ್ರಶ್ನೆಗಳಾದ ಮೇಲೆ ಎರಡು ಕಡೆಯಲ್ಲಿಯೂ ಮೌನವೇ. ಒಂದು ದಿನ ಅವಳು, “ಅಪ್ಪ, ನೀವೂ ಆಟಕ್ಕೆ ಬನ್ನಿ. ಏನಾದರೂ ಕೆಲಸ ಮಾಡುತ್ತ ಮಾತಾಡೋಣ” ಎಂದಳು. ಖಾತೆಯನ್ನೂ ತಿಂಗಳ ಚಂದಾವನ್ನೂ ಅವಳೇ ಏರ್ಪಡಿಸಿದಳು. ಅಲ್ಲಿ ಸಂಜೆ ಆರೂವರೆಯಾದರೆ ಇಲ್ಲಿ ರಾತ್ರಿ ಹತ್ತು ಗಂಟೆ. ಹೀಗೆ ನಾವು ಅಜೆರಾತಿನ ಪ್ರಜೆಯಾದೆವು.

ಅವಳದು ಪ್ರೀಸ್ಟ್ ಎಂಬ ಪಾತ್ರ. ಗಾಯಗೊಂಡವರನ್ನು ಮಂತ್ರಬಲದಿಂದ ಗುಣಪಡಿಸುವುದು ಅದರ ಕಾರ್ಯ. ನಾವು ಆರಿಸಿಕೊಂಡದ್ದು ರೋಗ್ ಎಂಬುದನ್ನು. ಹೆಸರನ್ನು ಕೇಳಿ ನಮ್ಮ ಮನೆಯಾಕೆ, “ಊರೆಲ್ಲ ರೋಗವಿರುವಾಗ ನಿಮಗೆ ಇನ್ನೊಂದು ರೋಗ ಬೇಕಾಗಿತ್ತೆ?” ಎಂದರು. ರೋಗ್ ಎಂದರೆ ರೋಗವಲ್ಲ, ಕಳ್ಳಹೆಜ್ಜೆಯ ವೀರನೆಂದು ಅರ್ಥ. ಇವನು ತೊಗಲಿನ ಕವಚವನ್ನು ಮಾತ್ರ ತೊಡುವನು, ಎರಡು ಕೈಯಲ್ಲಿಯೂ ಆಯುಧ ಹಿಡಿಯುವನು, ಬೇಕೆಂದಾಗ ಕಣ್ಮರೆಯಾಗುವನು.

ಪಾಯಿಂಟಿನ ವಿಷಯ ಬರುವುದು ಇಲ್ಲಿಯೇ. ನಾವು ಆಡುವುದು 2019ರ ಆಗಸ್ಟಿನಲ್ಲಿ ಕಂಪನಿಯವರು ಪುನಃ ತೆರೆದ ಹಳೆಯ ಕ್ರಮದ ಆಟ. ಅದರಲ್ಲಿ ಪಾತ್ರವು ಹತ್ತನೆಯ ಮಟ್ಟವನ್ನು ಮುಟ್ಟಿದಲ್ಲಿಂದ ಅರುವತ್ತನೆಯ ಮಟ್ಟದವರೆಗೆ ಮಟ್ಟಕ್ಕೆ ಒಂದರಂತೆ ಒಟ್ಟು 51 ಪಾಯಿಂಟುಗಳು ದೊರೆಯುವುವು. ಅವುಗಳಿಂದ ಟ್ಯಾಲೆಂಟುಗಳನ್ನು, ಎಂದರೆ ವಿಶೇಷ ಕೌಶಲಗಳನ್ನು, ಕೊಳ್ಳಬೇಕು. ರೋಗನಿಗೆ ಇಂತಹ ಕೌಶಲಗಳ ಮೂರು ಕವಲುಗಳುಂಟು. ಅಸ್ಯಾಸಿನೇಷನ್ ಎಂಬುದು ವಿಷದ ಮತ್ತು ಮರ್ಮಾಘಾತದ ಕವಲು. ಸಟಲ್ಟಿ ಎಂಬುದು ಹೊಂಚುಹಾಕುವ ಕವಲು. ಕಾಂಬ್ಯಾಟ್ ಎಂಬುದು ನಿಂತು ಕಾದುವ ಕವಲು. 51 ಪಾಯಿಂಟುಗಳಲ್ಲಿ ಮೂರನ್ನೂ ತುಂಬುವುದು ಶಕ್ಯವಿಲ್ಲ. ಒಂದು ಕವಲಿನ ತುದಿಯನ್ನು ಮುಟ್ಟಬೇಕಾದರೂ ಅಲ್ಲಿಯೇ ಮೂವತ್ತನ್ನು ಮೊದಲು ವ್ಯಯಿಸಿರಬೇಕು.

ನಮ್ಮ ಮನಸ್ಸು ಮೊದಲು ಹೋದದ್ದು ಹೊಂಚಿನ ಕಡೆಗೆ. ಮರೆಯಿಂದ ಹಾರಿ ಒಂದೇ ಏಟಿಗೆ ವೈರಿಯನ್ನು ಕೆಡಹುವ ಸೊಗಸನ್ನು ಬೇಡವೆನ್ನುವವರಾರು? ಮಗಳು ಒಪ್ಪಲಿಲ್ಲ. “ಅಪ್ಪ, ಅಶ್ವತ್ಥಾಮನಿಗೆ ಆ ಒಂದು ರಾತ್ರಿ ಮಾತ್ರ ಕೆಲಸವಿತ್ತು. ನಮಗೆ ಹತ್ತು ನಿಮಿಷ ಕಾದಾಡುವ ರಾಕ್ಷಸರು ಸಿಗುತ್ತಾರೆ” ಎಂದಳು. ಅವಳ ಮಾತಿನಲ್ಲಿ ತಥ್ಯವಿದ್ದಿತು. ಹೊಂಚಿನ ಮೊದಲ ಏಟು ಎಷ್ಟೇ ದೊಡ್ಡದಾಗಿರಲಿ, ದೀರ್ಘಕಾಳಗದಲ್ಲಿ ಅದು ನೂರರಲ್ಲಿ ಒಂದು ಏಟು. ಉಳಿದ ತೊಂಬತ್ತೊಂಬತ್ತನ್ನು ನೋಡಿಕೊಳ್ಳುವುದು ಕಾಂಬ್ಯಾಟ್ ಕವಲು. ಇದಲ್ಲದೆ ಇನ್ನೊಂದು ಅಡಚಣೆಯೂ ಇತ್ತು. ಕಠಾರಿಯಿಂದ ಹೊಡೆಯುವ ಬ್ಯಾಕ್‌ಸ್ಟ್ಯಾಬ್ ಎಂಬ ಏಟಿಗೆ ವೈರಿಯ ಬೆನ್ನಹಿಂದೆಯೇ ನಿಲ್ಲಬೇಕು. ಮೈಸೂರಿನಲ್ಲಿ ಗುಂಡಿಯನ್ನೊತ್ತಿದರೆ ಅದು ಯೂರೋಪಿನಲ್ಲಿರುವ ಯಂತ್ರವನ್ನು ಮುಟ್ಟುವುದಕ್ಕೆ ಕ್ಷಣದ ಒಂದಂಶವಾದರೂ ಹಿಡಿಯುವುದಷ್ಟೆ. ಅಷ್ಟರಲ್ಲಿ ಆ ಬೆನ್ನು ಎತ್ತಲೋ ತಿರುಗಿರುತ್ತದೆ. ಕತ್ತಿಯಿಂದ ಹೊಡೆಯುವ ಸಿನಿಸ್ಟರ್ ಸ್ಟ್ರೈಕಿಗೆ ಈ ನಿರ್ಬಂಧವಿಲ್ಲ.

ಆದುದರಿಂದ ಕತ್ತಿ, ಕಾಂಬ್ಯಾಟ್ ಎಂದು ನಿಶ್ಚಯವಾಯಿತು. ಈ ಕವಲಿನ ಸ್ವಭಾವವನ್ನು ತಿಳಿಯುವುದಕ್ಕೆ ಕೊಂಚ ಲೆಕ್ಕ ಬೇಕು. ಲೆಕ್ಕ ಬರೆಯುವುದರಲ್ಲಿಯೇ ಆಯುಷ್ಯವನ್ನು ಕಳೆದವರಾದ್ದರಿಂದ ನಮಗೆ ಇದು ಹಿತವಾಗಿಯೇ ಇದ್ದಿತು.

ರೋಗನ ದೇಹದಲ್ಲಿ ಎನರ್ಜಿ ಎಂಬ ಕಸುವು ನೂರಕ್ಕೆ ಮೀರದಂತೆ ಇರುವುದು. ಅದು ಎರಡು ಸೆಕೆಂಡಿಗೆ 20ರಂತೆ ಊರುತ್ತದೆ; ಅಂದರೆ ನಿಮಿಷಕ್ಕೆ 600. ಸಿನಿಸ್ಟರ್ ಸ್ಟ್ರೈಕಿಗೆ ತಗಲುವ ಕಸುವು 45. ಎರಡು ಪಾಯಿಂಟು ಕೊಟ್ಟು ಅದನ್ನು ಸುಧಾರಿಸಿಕೊಂಡರೆ 40 ಸಾಕು. ಐದರ ಉಳಿತಾಯ ಏನು ಮಹಾ ಎನ್ನಬಾರದು. ನಿಮಿಷಕ್ಕೆ ಹದಿಮೂರು ಏಟು ಬೀಳುವಲ್ಲಿ ಹದಿನೈದು ಬೀಳುವುವು. ಎರಡೇ ಪಾಯಿಂಟಿಗೆ ಇಷ್ಟು ಲಾಭವನ್ನು ಕೊಡುವ ಕೌಶಲ ಇನ್ನೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನು ಪ್ರಿಸಿಷನ್. ಐದು ಪಾಯಿಂಟು ಕೊಟ್ಟರೆ ನೂರು ಏಟಿನಲ್ಲಿ ಐದು ಹೆಚ್ಚಾಗಿ ತಗಲುವುವು, ಅಷ್ಟೆ. ತೆರೆಯ ಮೇಲೆ ಕಾಣುವಂತಹದು ಏನೂ ಇಲ್ಲ, ಬೆಳಕಿಲ್ಲ, ಸದ್ದಿಲ್ಲ. ಹೊಸಬರು ಇದನ್ನು ನೋಡಿ ಮೂಗುಮುರಿಯುತ್ತಾರೆ. ಆದರೆ ಎರಡು ಕೈಯಲ್ಲಿ ಆಯುಧ ಹಿಡಿದವನಿಗೆ ಈ ಆಟವು ಒಂದು ದಂಡವನ್ನು ವಿಧಿಸಿದೆ: ಸರಿಸಮಾನ ವೈರಿಯ ಮೇಲೆ ಒಂದೇ ಆಯುಧದವನ ಸಾಧಾರಣ ಏಟು ನೂರಕ್ಕೆ ಐದು ಸಲ ತಪ್ಪಿದರೆ, ಇವನದು ಇಪ್ಪತ್ತನಾಲ್ಕು ಸಲ ತಪ್ಪುವುದು. ನೂರರಲ್ಲಿ ಇಪ್ಪತ್ತನಾಲ್ಕು ಗಾಳಿಗೆ ಬೀಸಿದಂತೆ! ಪ್ರಿಸಿಷನ್ ಇದ್ದರೆ ಅದು ಹತ್ತೊಂಬತ್ತಕ್ಕೆ ಇಳಿಯುವುದು. ಮೇಲಾಗಿ ಎಡಗೈಯ ಏಟಿಗೆ ಅರ್ಧಬಲ ಮಾತ್ರವೇ ಇರುವುದರಿಂದ, ಡ್ಯುಯಲ್ ವೀಲ್ಡ್ ಎಂಬ ಕೌಶಲಕ್ಕೆ ಇನ್ನೈದು ಕೊಟ್ಟು ಅದನ್ನು ಮುಕ್ಕಾಲಿಗೆ ಏರಿಸಿಕೊಳ್ಳಬೇಕು. ಅರ್ಜುನನಿಗೆ ಸವ್ಯಸಾಚಿಯೆಂಬ ಬಿರುದು ಬಂದಿದ್ದಿತು. ನಮ್ಮವನು ಹತ್ತು ಪಾಯಿಂಟು ತೆತ್ತು ಮುಕ್ಕಾಲು ಸವ್ಯಸಾಚಿಯಾದನು.

ಆಯುಧಕ್ಕೊಂದರಂತೆ ಬೇರೆ ಬೇರೆ ಕೌಶಲಗಳಿವೆ. ಕತ್ತಿಗೆ ಐದು ಪಾಯಿಂಟು ಕೊಟ್ಟರೆ ನೂರಕ್ಕೆ ಐದು ಸಲ ಒಂದು ಏಟಿನ ಬೆನ್ನಿಗೆ ಇನ್ನೊಂದು ಏಟು ಬಿಟ್ಟಿಯಾಗಿ ಬೀಳುವುದು. ನಮ್ಮವನು ಮಾನವಕುಲದವನು, ಆ ಕುಲದವರಿಗೆ ಕತ್ತಿಯಲ್ಲಿ ಹುಟ್ಟಿನಿಂದಲೇ ಹೆಚ್ಚಿನ ಪಳಗಿಕೆ. ಆದುದರಿಂದ ಇಲ್ಲಿ ಚರ್ಚೆಗೆ ಎಡೆಯೇ ಇರಲಿಲ್ಲ. ಮೇಲಿನ ಮೆಟ್ಟಿಲುಗಳಲ್ಲಿ ಏಟಿನ ಬಲಕ್ಕೆ ಅಗ್ರೆಷನ್ ಮೂರು, ಆಯುಧದ ಪಳಗಿಕೆಗೆ ಎರಡು. ಕಟ್ಟಕಡೆಗೆ ಹದಿನೈದು ಸೆಕೆಂಡಿನ ಕಾಲ ಕಸುವು ಎರಡರಷ್ಟು ಊರುವ ಅಡ್ರಿನಲಿನ್ ರಷ್ ಎಂಬುದಕ್ಕೆ ಒಂದು.

ಬ್ಲೇಡ್ ಫ್ಲರಿ ಎಂಬುದನ್ನು ಕುರಿತು ಮಾತ್ರ ಎರಡು ಮಾತು ಹೆಚ್ಚಾಗಿ ಹೇಳಬೇಕು. ಅದರ ಬೆಲೆ ಒಂದೇ ಪಾಯಿಂಟು. ಹದಿನೈದು ಸೆಕೆಂಡು ಕತ್ತಿಯ ವೇಗ ನೂರಕ್ಕೆ ಇಪ್ಪತ್ತರಷ್ಟು ಏರುವುದಲ್ಲದೆ, ಪ್ರತಿಯೊಂದು ಏಟೂ ಪಕ್ಕದಲ್ಲಿರುವ ಇನ್ನೊಬ್ಬ ವೈರಿಗೂ ತಗಲುವುದು. ಕೇಳುವುದಕ್ಕೆ ಪರಮಾನ್ನ. ಆದರೆ ಗುಂಪಿನಲ್ಲಿರುವ ಮಾಂತ್ರಿಕನು ಒಬ್ಬ ವೈರಿಯನ್ನು ಕುರಿಯಾಗಿ ಮಾಡಿ ಬದಿಯಲ್ಲಿ ನಿಲ್ಲಿಸಿರುತ್ತಾನೆ. ಕುರಿಗೆ ಒಂದೇ ಒಂದು ಏಟು ಬಿದ್ದರೂ ಮಂತ್ರ ಮುರಿದು ಅದು ಮತ್ತೆ ರಾಕ್ಷಸನಾಗುವುದು. ಎರಡನೆಯ ಏಟು ಯಾರಿಗೆ ಬೀಳಬೇಕೆಂದು ಆರಿಸುವ ಅಧಿಕಾರ ನಮಗಿಲ್ಲ. ಹೀಗಾಗಿ ಈ ಕೌಶಲವನ್ನು ಕೊಂಡವನು ಕುರಿಯಿಂದ ನಾಲ್ಕು ಹೆಜ್ಜೆ ಅತ್ತ ನಿಂತು ಕಾದುವುದನ್ನು ಕಲಿಯಬೇಕು.

ಕಾಂಬ್ಯಾಟಿಗೆ 32 ಹೋದರೆ ಉಳಿದದ್ದು 19. ಅವೆಲ್ಲವೂ ಅಸ್ಯಾಸಿನೇಷನ್ ಕವಲಿನ ಬುಡಕ್ಕೆ. ಅಲ್ಲಿಯೂ ನಾವು ವಿಷದ ಗೊಡವೆಗೆ ಹೋಗದೆ, ಸ್ಲೈಸ್ ಆಂಡ್ ಡೈಸ್ ಎಂಬ ವೇಗವರ್ಧಕವು 21 ಸೆಕೆಂಡಿಗೆ ಮುಗಿಯದೆ ಸುಮಾರು ಮೂವತ್ತು ಸೆಕೆಂಡು ನಿಲ್ಲುವಂತೆ ಮಾಡುವುದಕ್ಕೂ, ಮುಗಿತಾಯದ ಏಟಿನಿಂದ ಕಸುವು ಕೊಂಚ ಮರಳಿ ಬರುವುದಕ್ಕೂ, ಏಟು ಆಗಾಗ್ಗೆ ಇಮ್ಮಡಿಯಾಗಿ ಬೀಳುವುದಕ್ಕೂ ಹಣಕಟ್ಟಿದೆವು. ಈ 19 ಮತ್ತು 32ರ ಹಂಚಿಕೆಯು ಕತ್ತಿಯ ರೋಗರಲ್ಲಿ ಬಹುಮಂದಿ ಅನುಸರಿಸುವಂತಹದು, ನಮ್ಮ ಆವಿಷ್ಕಾರವೇನಲ್ಲ.

ಆದರೆ 32ರ ಲೆಕ್ಕವನ್ನು ಜಾಗ್ರತೆಯಿಂದ ಕೂಡಿಸಿ ನೋಡಿದ ವಾಚಕರಿಗೆ ಎಂಟು ಪಾಯಿಂಟು ಕಡಮೆ ಬಂದಿರುವುದು ಗೋಚರವಾಗಿರಬಹುದು. ಮೇಲಿನ ಮೆಟ್ಟಿಲನ್ನು ಏರಬೇಕಾದರೆ ಕೆಳಗಣ ಮೆಟ್ಟಿಲುಗಳಲ್ಲಿ ಇಂತಿಷ್ಟು ಸುರಿದಿರಲೇಬೇಕೆಂಬ ನಿಯಮವಿದೆ. ಈ ಎಂಟು ಆ ಬಾಬ್ತಿನವು. ಏಟಿನ ಬಲಕ್ಕೆ ಇವುಗಳಿಂದ ಏನೂ ಆಗದು. ಎಲ್ಲಿ ಹಾಕಿದರೂ ನಡೆಯುತ್ತದೆ. ನಮಗೂ ಮಗಳಿಗೂ ವಾದ ಬೆಳೆದದ್ದು ಈ ಎಂಟರ ಮೇಲೆಯೇ. ಅದರಲ್ಲಿಯೂ ಮೊದಲ ಮೆಟ್ಟಿಲಿನ ಮೂರರ ಮೇಲೆ.

ಅವಳ ಅಭಿಪ್ರಾಯದಲ್ಲಿ ಆ ಮೂರು ಲೈಟ್ನಿಂಗ್ ರಿಫ್ಲೆಕ್ಸಸ್ ಎಂಬುದಕ್ಕೆ ಹೋಗಬೇಕು. ಅದರಿಂದ ವೈರಿಯ ಏಟನ್ನು ತಪ್ಪಿಸಿಕೊಳ್ಳುವ ಚುರುಕು ನೂರಕ್ಕೆ ಮೂರರಷ್ಟು ಹೆಚ್ಚುವುದು. “ನಿಮ್ಮದು ತೊಗಲಿನ ಅಂಗಿ. ನಿಮಗೆ ಏಟು ಕಡಮೆ ಬಿದ್ದರೆ ನನಗೂ ಮಂತ್ರ ಕಡಮೆ ಖರ್ಚು” ಎಂದಳು. ನಾವು ಅದನ್ನು ಗೌಜ್ ಎಂಬ ಕೌಶಲಕ್ಕೆ ಹಾಕಬೇಕೆಂದೆವು. ಗೌಜ್ ಎಂದರೆ ವೈರಿಯನ್ನು ನಾಲ್ಕು ಸೆಕೆಂಡು ಕೈಕಾಲಾಡದಂತೆ ತಡೆದು ನಿಲ್ಲಿಸುವುದು. ಮೂರು ಪಾಯಿಂಟು ಕೊಟ್ಟರೆ ಅದು ಐದೂವರೆ ಸೆಕೆಂಡಾಗುವುದು. ಮಹಾರಾಕ್ಷಸರ ಮೇಲೆ ಅದು ನಾಟುವುದಿಲ್ಲ. ಸಾಮಾನ್ಯ ವೈರಿಗಳ ಮೇಲೆ ನಾಟುವುದು.

ನಮ್ಮ ವಾದಕ್ಕೆ ಕಾರಣವಿದ್ದಿತು. ಗುಣಪಡಿಸುವವರ ಮೇಲೆ ವೈರಿಗಳಿಗೆ ಬಹಳ ಕಣ್ಣು. ಗಾಯಗಳನ್ನು ಮಾಯಿಸುತ್ತ ಮಾಯಿಸುತ್ತ ಅವರ ಕಡೆಗೆ ದ್ವೇಷ ಏರಿ, ಇದ್ದಕ್ಕಿದ್ದಂತೆ ಒಬ್ಬನು ಎಲ್ಲರನ್ನೂ ಬಿಟ್ಟು ನೇರವಾಗಿ ಪ್ರೀಸ್ಟಿನ ಮೇಲೆ ನುಗ್ಗುವನು. ಅವಳ ಮೈಮೇಲಿರುವುದು ಬಟ್ಟೆಯ ನಿಲುವಂಗಿ, ತೊಗಲೂ ಅಲ್ಲ. ಅಂತಹ ಸಮಯದಲ್ಲಿ ಐದೂವರೆ ಸೆಕೆಂಡು ದೊಡ್ಡದು. ಇನ್ನೊಂದು ವಿಶೇಷವುಂಟು: ಗೌಜ್ ನಾಟಬೇಕಾದರೆ ವೈರಿಯ ಮುಖ ನಮ್ಮ ಕಡೆಗೆ ಇರಬೇಕು. ಹಿಂದಿನಿಂದ ಓಡಿಹೋಗಿ ಹೊಡೆದರೆ ಪ್ರಯೋಜನವಿಲ್ಲ. ಅವನಿಗಿಂತ ಮುಂದೆ ಓಡಿ, ಅವನಿಗೂ ಅವಳಿಗೂ ನಡುವೆ ಹೋಗಿ ನಿಲ್ಲಬೇಕು.

“ಅಪ್ಪ, ನನ್ನನ್ನು ನಾನು ನೋಡಿಕೊಳ್ಳುತ್ತೇನೆ. ನನಗೆ ಅದಕ್ಕೆ ಬೇರೆ ಮಂತ್ರವಿದೆ” ಎಂದು ಅವಳು. ನಮಗೂ ತಪ್ಪಿಸಿಕೊಳ್ಳುವುದಕ್ಕೆ ಕಾಲುಗಳಿವೆಯೆಂದು ನಾವು. ಆ ರಾತ್ರಿ ಆಟವೇ ನಡೆಯಲಿಲ್ಲ. ಅರ್ಧರಾತ್ರಿಯ ತನಕ ಮೂರು ಪಾಯಿಂಟಿನ ಮೇಲೆ ವಾದಿಸಿದೆವು. ಮಾತು ಎಲ್ಲಿಂದೆಲ್ಲಿಗೋ ಹೊರಳಿ, ಅವಳಿಗೆ ಹಿಂದಿನ ವಾರ ಮೂರು ದಿನ ಜ್ವರ ಬಂದಿದ್ದಿತೆಂಬುದೂ, ನಾವು ಗಾಬರಿಯಾದೇವೆಂದು ಅದನ್ನು ಮುಚ್ಚಿಟ್ಟಿದ್ದಳೆಂಬುದೂ ಹೊರಬಿದ್ದಿತು. ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಮನೆಯಾಕೆ ಬತ್ತಿಯನ್ನು ಕೆಳಗಿಟ್ಟು, “ಅವಳು ಹೇಳಿದ ಕಡೆ ಐದು ಹಾಕಿ. ನೀವು ಹೇಳಿದ ಕಡೆ ಮೂರು ಹಾಕಿ. ಎಂಟಾಯಿತಲ್ಲ” ಎಂದು ತೀರ್ಪುಕೊಟ್ಟರು. ಆಟದ ಒಂದು ನಿಯಮವನ್ನೂ ಅರಿಯದ ಅವರ ತೀರ್ಪು ಎಲ್ಲ ಮೆಟ್ಟಿಲುಗಳ ನಿಯಮಕ್ಕೂ ಸರಿಯಾಗಿ ಹೊಂದಿಕೊಂಡಿತು.

ಮುಂದೆ 2021ರ ಜನವರಿಯಲ್ಲಿ ನಮ್ಮ ರೋಗನು ಅರುವತ್ತನೆಯ ಮಟ್ಟವನ್ನು ಮುಟ್ಟಿದನು. ಈಚಿನ ಆಟದಲ್ಲಿ ಈ ಕವಲಿನ ಹೆಸರೇ ಉಳಿದಿಲ್ಲ. 2016ರಲ್ಲಿ ಕಂಪನಿಯವರು ಅದನ್ನು ಔಟ್‌ಲಾ ಎಂದು ಬದಲಾಯಿಸಿ, ರೋಗನ ಕೈಗೆ ಕಡಲುಗಳ್ಳರಂತೆ ಪಿಸ್ತೂಲನ್ನು ಕೊಟ್ಟರು. ಅದು ನಮಗೆ ರುಚಿಸಲಿಲ್ಲ. ಹಳೆಯ ಆಟದಲ್ಲಿ ಹಾಕಿದ ಪಾಯಿಂಟುಗಳನ್ನು ಹಿಂದಕ್ಕೆ ಪಡೆದು ಬೇರೆ ಕಡೆಗೆ ಹಾಕುವ ಅನುಕೂಲವೂ ಉಂಟು. ಮೊದಲ ಸಲ ಒಂದು ಚಿನ್ನದ ನಾಣ್ಯ, ಎರಡನೆಯ ಸಲ ಐದು, ಆಮೇಲೆ ಹತ್ತು. ಹೀಗೆಯೇ ಐವತ್ತರ ತನಕ ಏರುತ್ತ ಹೋಗುವುದು. ಜೊತೆಯ ಆಟಗಾರರು ಕೆಲವರು ನಮ್ಮ ಮೂರು ಪಾಯಿಂಟುಗಳನ್ನು ನೋಡಿ, ಒಂದು ನಾಣ್ಯವಷ್ಟೆ, ತೆಗೆದು ಬೇರೆಡೆಗೆ ಹಾಕಿರೆಂದು ಪದೇ ಪದೇ ಹೇಳಿದರು. ಆ ಒಂದು ನಾಣ್ಯವನ್ನು ನಾವು ಇದುವರೆಗೆ ಕೊಟ್ಟಿಲ್ಲ.